ಲ್ಯಾಪ್‌ಟಾಪ್ ಮುಚ್ಚಿದ ಮಾತ್ರಕ್ಕೆ ಬೀಗ ಬಿತ್ತಾ?

2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟ್ ‘ವೀರೇಂದ್ರ ಖನ್ನಾ ವರ್ಸಸ್ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಬರೆದ ಈ ತೀರ್ಪು ಸುದ್ದಿಯಾಗಿದ್ದು ಪಾಸ್‌ವರ್ಡ್ ವಿಚಾರಕ್ಕೆ. ಆರೋಪಿ ತನ್ನ ಫೋನಿನ ಪಾಸ್‌ವರ್ಡ್ ಕೊಡಬೇಕೋ ಬೇಡವೋ ಅನ್ನುವ ಚರ್ಚೆ ಆಗ ಟಿವಿಯಲ್ಲೂ ನಡೆಯಿತು. ಆದರೆ ಅದೇ ತೀರ್ಪಿನಲ್ಲಿ ಕಡಿಮೆ ಜನ ಓದಿರುವ ಇನ್ನೊಂದು ಭಾಗವಿದೆ. ತನಿಖಾಧಿಕಾರಿ ಕಂಪ್ಯೂಟರ್ ಜಪ್ತಿ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಸೂಚನೆಗಳು.

ಅದರ ಸಾರ ಇಷ್ಟು: ಕಂಪ್ಯೂಟರ್ ಆಫ್ ಆಗಿದ್ದರೆ ಆನ್ ಮಾಡಬಾರದು. ಆನ್ ಆಗಿದ್ದರೆ ಆಫ್ ಮಾಡಬಾರದು. ಆನ್ ಆಗಿದ್ದೂ ಪರದೆ ಖಾಲಿಯಿದ್ದರೆ ಮೌಸ್ ಅಲ್ಲಾಡಿಸಬಹುದು. ಪರದೆ ಮೇಲೆ ಏನು ಬರುತ್ತೋ ಅದರ ಫೋಟೊ ತೆಗೆಯಬೇಕು. ಸಾಧ್ಯವಾದಷ್ಟೂ ಫೊರೆನ್ಸಿಕ್ ತಜ್ಞರನ್ನು ಕರೆಸಿ ರ‍್ಯಾಮ್‌ನಲ್ಲಿ ಇರುವುದನ್ನು ಇಳಿಸಿಕೊಳ್ಳಬೇಕು, ಯಾಕಂದ್ರೆ ಮಷಿನ್ ಆಫ್ ಆದ ಕೂಡಲೇ ಅದು ಅಳಿಸಿಹೋಗುತ್ತೆ.

ನಾವು ದಿನಕ್ಕೆ ಹತ್ತು ಸಲ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗ್ತೀವಲ್ಲ, ಆ ಕ್ಷಣದ ಬಗ್ಗೆಯೇ ಈ ಸೂಚನೆಗಳು ಮಾತಾಡ್ತಿವೆ. ಮುಚ್ಚಿದ ಲ್ಯಾಪ್‌ಟಾಪ್ ಆಫ್ ಆಗಿರೋದಿಲ್ಲ. ನಿದ್ದೆಯಲ್ಲಿರುತ್ತೆ. ನಿದ್ದೆಯಲ್ಲಿರುವ ಮಷಿನ್ ಕಾನೂನಿನ ಕಣ್ಣಿಗೂ ತಂತ್ರಜ್ಞಾನದ ಕಣ್ಣಿಗೂ ಸತ್ತ ಮಷಿನ್‌ಗಿಂತ ಎಚ್ಚರದ ಮಷಿನ್‌ಗೇ ಹತ್ತಿರ. ಭೂಸ್ವಾಧೀನದ ಪರಿಹಾರ ಸಿಗದ ರೈತರ ಪಟ್ಟಿ, ಹಾಸ್ಟೆಲ್ ಹುಡುಗಿಯರು ಹೆಸರು ಹೇಳದೆ ಬರೆದುಕೊಟ್ಟ ದೂರು, ಆರ್‌ಟಿಐ ಹಾಕಿದವರ ಫೋನ್ ನಂಬರು, ಕಚೇರಿಯೊಳಗಿನಿಂದ ಕಾಗದ ಕೊಟ್ಟವರ ಚಾಟ್ ಇವೆಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ, ಅಲ್ಲಿರೋದು ನಿಮ್ಮ ಖಾಸಗಿತನ ಮಾತ್ರ ಅಲ್ಲ. ನಿಮ್ಮನ್ನು ನಂಬಿದವರದ್ದು. ಪೋಕ್ಸೊ ಪ್ರಕರಣದ ವರದಿ ಮಾಡುವವರಿಗೆ ಮಗುವಿನ ಗುರುತು ಹೊರಹೋಗದಂತೆ ನೋಡಿಕೊಳ್ಳೋದು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಕಾನೂನಿನ ಹೊಣೆಯೂ ಹೌದು.

ಪರದೆ ಬೇರೆ, ಪೆಟ್ಟಿಗೆ ಬೇರೆ

ಸ್ಕ್ರೀನ್ ಲಾಕ್ ಅಂದ್ರೆ ಏನು? ಎಲ್ಲ ಕಿಟಕಿಗಳ ಮೇಲೆ ಒಂದು ಚಿತ್ರ ಬಿಡಿಸಿ, ಕೀಬೋರ್ಡು ಮೌಸುಗಳನ್ನು ತನ್ನ ಕೈಗೆ ತಗೊಂಡು, ಪಾಸ್‌ವರ್ಡ್ ಕೇಳುತ್ತಾ ಕೂರುವ ಒಂದು ಪ್ರೋಗ್ರಾಂ. ಅಷ್ಟೇ. ಹಿಂದೆ ನಿಮ್ಮ ಬ್ರೌಸರ್, ವಾಟ್ಸಾಪ್, ತೆರೆದಿಟ್ಟ ವರ್ಡ್ ಫೈಲು ಎಲ್ಲ ಹಾಗೇ ಇರುತ್ತವೆ. ಹೆಸರು ಲಾಕ್ ಅಂತಿದ್ದರೂ ಕೆಲಸ ಬಾಗಿಲಿಗೆ ಬಿಟ್ಟ ಪರದೆಯದ್ದು.

ಈ ಪರದೆಯನ್ನು ದಾಟಲು ಪಾಸ್‌ವರ್ಡ್ ಒಡೆಯಲೇಬೇಕು ಅಂತೇನಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಕೇಬಲ್ ಹಾಕಿ ಜೋಡಿಸಿದರೆ ಫೈಲುಗಳೆಲ್ಲ ಕಾಣುತ್ತವೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದರೂ ಅದೇ ಕಥೆ. ವಿಂಡೋಸ್ ಪಾಸ್‌ವರ್ಡ್ ಎಷ್ಟೇ ಉದ್ದ ಇದ್ದರೂ ಇಲ್ಲಿ ಅದರ ಮಾತು ನಡೆಯಲ್ಲ. ರಿಪೇರಿ ಅಂಗಡಿಯವರು ‘ಡೇಟಾ ಬ್ಯಾಕಪ್ ಮಾಡ್ಕೊಡ್ತೀವಿ’ ಅನ್ನೋದು ಇದೇ ದಾರಿಯಲ್ಲಿ.

ಇದನ್ನು ತಡೆಯೋದು ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕಿನಲ್ಲಿ ಫೈಲ್‌ವಾಲ್ಟ್, ಲಿನಕ್ಸಿನಲ್ಲಿ ಲಕ್ಸ್. ಇವು ಡಿಸ್ಕಿನ ಮೇಲಿರುವುದನ್ನೆಲ್ಲ ಕೀಲಿ ಇಲ್ಲದೆ ಓದಲಾಗದ ಹಾಗೆ ಕಲಸಿಡುತ್ತವೆ. ಇದು ಪರದೆಯಲ್ಲ, ಪೆಟ್ಟಿಗೆ. ಆದರೆ ಪೆಟ್ಟಿಗೆಯಿಂದ ವಸ್ತು ತೆಗೆದು ಬಳಸಬೇಕಾದರೆ ಕೀಲಿ ಕೈಯಲ್ಲಿರಬೇಕಲ್ಲ. ಹಾಗೆ ಮಷಿನ್ ಓಡ್ತಿರುವಷ್ಟು ಹೊತ್ತೂ ಆ ಕೀಲಿ ರ‍್ಯಾಮ್‌ನಲ್ಲಿರುತ್ತೆ. ನೀವು ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪ್‌ಗೆ ಕಳಿಸಿದಾಗಲೂ ಅಲ್ಲೇ ಇರುತ್ತೆ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಅದರ ಮೇಲೇ ಇಟ್ಟು ಟವಲ್ ಮುಚ್ಚಿದ ಹಾಗೆ.

ನಿದ್ದೆಯಲ್ಲಿ ಎಷ್ಟು ಬಗೆ

ಹಳೆಯ ಪದ್ಧತಿಯ ಸ್ಲೀಪ್‌ನಲ್ಲಿ (ಎಂಜಿನಿಯರುಗಳ ಭಾಷೆಯಲ್ಲಿ ಎಸ್3) ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲ ನಿಲ್ಲುತ್ತವೆ. ರ‍್ಯಾಮ್‌ಗೆ ಮಾತ್ರ ಚೂರು ಕರೆಂಟು ಹೋಗ್ತಿರುತ್ತೆ. ಎಬ್ಬಿಸಿದಾಗ ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದಲೇ ಶುರು.

ಈಗಿನ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಇರೋದು ಮಾಡರ್ನ್ ಸ್ಟ್ಯಾಂಡ್‌ಬೈ. ಇದು ಫೋನಿನ ಹಾಗೆ: ಪರದೆ ಆರಿರುತ್ತೆ, ಒಳಗೆ ಮಷಿನ್ ಆಗಾಗ ಎದ್ದು ಮೇಲ್ ನೋಡುತ್ತೆ, ವೈಫೈ ಹಿಡಿದುಕೊಂಡೇ ಇರಬಹುದು. ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಹೊಸದುರ್ಗದಿಂದ ಬೆಂಗಳೂರು ಮುಟ್ಟೋ ಹೊತ್ತಿಗೆ ಹಂಚಿನ ಹಾಗೆ ಬಿಸಿಯಾಗಿರೋದಕ್ಕೆ ಬಹಳ ಸಲ ಇದೇ ಕಾರಣ. ಇದಕ್ಕೆ ‘ನಿದ್ದೆ’ ಅನ್ನುವ ಹೆಸರು ಕೊಟ್ಟವರಿಗೆ ನಮ್ಮ ಕಡೆಯ ‘ಕಣ್ಣುಮುಚ್ಚಿಕೊಂಡು ಬಿದ್ದಿದಾನೆ’ ಅನ್ನುವ ಮಾತು ಗೊತ್ತಿರಲಿಲ್ಲ ಅನ್ಸುತ್ತೆ.

ಹೈಬರ್ನೇಟ್ ಬೇರೆ. ಇಲ್ಲಿ ರ‍್ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಷಿನ್ ಪೂರ್ತಿ ಆಫ್ ಆಗುತ್ತೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಇದು ಒಳ್ಳೆಯದು, ಕೀಲಿ ರ‍್ಯಾಮ್‌ನಿಂದ ಹೋಗಿರುತ್ತೆ. ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಉಲ್ಟಾ. ತೆರೆದಿಟ್ಟ ಚಾಟು, ಇನ್ನೂ ಸೇವ್ ಮಾಡದ ಕಾಗದ, ಎಲ್ಲವೂ ಒಂದು ಫೈಲಾಗಿ ಡಿಸ್ಕಿನ ಮೇಲೆ ಕೂತಿರುತ್ತವೆ. ಯಾರು ಡಿಸ್ಕ್ ಬಿಚ್ಚಿದರೂ ಅವರಿಗೆ ಆ ಕ್ಷಣದ ನಕಲು ಸಿಕ್ಕಂತೆ.

ಡೆಸ್ಕ್‌ಟಾಪ್ ಬಳಸುವವರು ಇದನ್ನು ಇನ್ನೂ ಸ್ವಲ್ಪ ಗಮನಿಸಬೇಕು. ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗ್ತಾನೇ ಇರುತ್ತವೆ, ಕೆಳಗಿನ ಹಳ್ಳಿಗಳಲ್ಲಿ ಕರೆಂಟು ಹೋಗ್ತಾನೇ ಇರುತ್ತೆ. ಇಂಥ ಕಡೆಗಾಗಿಯೇ ಅನ್ನುವಂತೆ ವಿಂಡೋಸ್ ಡೆಸ್ಕ್‌ಟಾಪುಗಳಲ್ಲಿ ಹೈಬ್ರಿಡ್ ಸ್ಲೀಪ್ ಅಂತ ಒಂದಿದೆ. ಸ್ಲೀಪ್‌ಗೆ ಹೋಗುವಾಗ ರ‍್ಯಾಮ್‌ಗೂ ಕರೆಂಟು ಕೊಟ್ಟು, ಮುನ್ನೆಚ್ಚರಿಕೆಗೆ ಅದರ ನಕಲನ್ನು ಡಿಸ್ಕಿಗೂ ಬರೆಯುತ್ತೆ. ಯುಪಿಎಸ್ ಇಲ್ಲದ ಡಿಟಿಪಿ ಅಂಗಡಿಗೆ, ಪುಟ್ಟ ಪತ್ರಿಕಾ ಕಚೇರಿಗೆ ಇದು ವರ. ಆದರೆ ಎನ್‌ಕ್ರಿಪ್ಷನ್ ಇಲ್ಲದ ಹಳೆ ಡೆಸ್ಕ್‌ಟಾಪಿನಲ್ಲಿ ಸ್ಲೀಪ್ ಒತ್ತಿದಾಗೆಲ್ಲ ಮೇಜಿನ ಮೇಲಿದ್ದ ಕೆಲಸವೂ ಡಿಸ್ಕಿಗೆ ಹೋಗಿ ಕೂರುತ್ತೆ ಅನ್ನೋದು ನೆನಪಿರಲಿ.

ಇನ್ನು ವಿಂಡೋಸಿನ ‘ಶಟ್ ಡೌನ್’ ಕೂಡ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಪೂರ್ತಿ ಶಟ್ ಡೌನ್ ಅಲ್ಲ. ನಿಮ್ಮನ್ನು ಲಾಗೌಟ್ ಮಾಡಿ, ಸಿಸ್ಟಮ್‌ನ ಒಳಭಾಗವನ್ನು ಮಾತ್ರ ಹೈಬರ್ನೇಟ್ ಮಾಡುತ್ತೆ. ನಿಮ್ಮ ತೆರೆದ ಪ್ರೋಗ್ರಾಂಗಳು ಅದರಲ್ಲಿ ಇರೋದಿಲ್ಲವಾದ್ದರಿಂದ ಇದು ಅಂಥ ದೊಡ್ಡ ಚಿಂತೆ ಅಲ್ಲ.

ಕಾವಲುಗಾರ ಊಟಕ್ಕೆ ಹೋದ ಹೊತ್ತು

ದುರ್ಗದವರಿಗೆ ಏಳು ಸುತ್ತಿನ ಕೋಟೆಯ ಬಗ್ಗೆ ಹೇಳಬೇಕಾಗಿಲ್ಲ. ಹೈದರಾಲಿಯ ಸೈನಿಕರು ಒಳನುಗ್ಗಲು ನೋಡಿದ್ದು ಗೋಡೆ ಒಡೆದಲ್ಲ, ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯಲ್ಲಿ. ಅದೂ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ. ಸ್ಕ್ರೀನ್ ಲಾಕಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು. ಇಲ್ಲಿ ಒನಕೆ ಹಿಡಿದು ನಿಲ್ಲೋರು ಮಾತ್ರ ಯಾರೂ ಇಲ್ಲ.

ಲ್ಯಾಪ್‌ಟಾಪ್ ಮುಚ್ಚಿದ ಕ್ಷಣ ಎರಡು ಕೆಲಸ ಆಗಬೇಕು: ಪರದೆಗೆ ಬೀಗ ಬೀಳಬೇಕು, ಮಷಿನ್ ನಿದ್ದೆಗೆ ಹೋಗಬೇಕು. ಇವೆರಡನ್ನೂ ಮಾಡುವ ಪ್ರೋಗ್ರಾಂಗಳು ಬೇರೆ ಬೇರೆ. ಬೀಗ ಮೊದಲು ಬಿದ್ದು ಆಮೇಲೆ ನಿದ್ದೆ ಬಂದರೆ ಸರಿ. ನಿದ್ದೆಯೇ ಮೊದಲು ಬಂದುಬಿಟ್ಟರೆ? ಬೀಗ ಹಾಕುವ ಪ್ರೋಗ್ರಾಂ ಕೂಡ ಅರ್ಧಕ್ಕೇ ಮಲಗಿರುತ್ತೆ. ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದಾಗ ಮೊದಲು ನಿಮ್ಮ ಡೆಸ್ಕ್‌ಟಾಪ್ ಕಾಣುತ್ತೆ, ಒಂದು ಕ್ಷಣದ ನಂತರ ಲಾಕ್ ಸ್ಕ್ರೀನ್ ಬಂದು ಮುಚ್ಚುತ್ತೆ. ಲಿನಕ್ಸ್ ಬಳಸುವವರಲ್ಲಿ ಇದನ್ನು ನೋಡದವರು ಕಡಿಮೆ. ಒಂದು ಕ್ಷಣ ಅಂದ್ರೆ ಎಷ್ಟು? ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಾ ಎಬ್ಬಿಸಿದರೆ, ತೆರೆದಿದ್ದ ಮೇಲ್ ಆಮೇಲೆ ನಿಧಾನಕ್ಕೆ ಓದುವಷ್ಟು.

ಲಿನಕ್ಸಿನ ಸಿಸ್ಟಮ್‌ಡಿ ಇದಕ್ಕೊಂದು ವ್ಯವಸ್ಥೆ ಮಾಡಿದೆ. ‘ನಾನು ಬೀಗ ಹಾಕೋವರೆಗೂ ನಿದ್ದೆ ತಡೀರಿ’ ಅಂತ ಲಾಕ್ ಪ್ರೋಗ್ರಾಂ ಕೇಳಿಕೊಳ್ಳಬಹುದು. ಆದರೆ ಆ ತಡೆಗೂ ಮಿತಿ ಇದೆ, ಸಾಮಾನ್ಯವಾಗಿ 5 ಸೆಕೆಂಡು. ಮಷಿನ್ ಹಳೆಯದಾಗಿ, ಡಿಸ್ಕ್ ನಿಧಾನವಾಗಿ, ಬ್ರೌಸರಿನಲ್ಲಿ ಐವತ್ತು ಟ್ಯಾಬ್ ತೆರೆದಿದ್ದರೆ 5 ಸೆಕೆಂಡು ಮುಗಿಯೋದು ಕಷ್ಟವಲ್ಲ. ಮಿತಿ ಮೀರಿದರೆ ಸಿಸ್ಟಮ್ ಕಾಯೋದಿಲ್ಲ, ಮಲಗಿಬಿಡುತ್ತೆ.

ವಿಂಡೋಸಿನಲ್ಲಿ ತೊಂದರೆ ಬೇರೆ ರೂಪದಲ್ಲಿದೆ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಮಷಿನ್ನುಗಳಲ್ಲಿ ‘ಎಷ್ಟು ಹೊತ್ತಿನ ನಂತರ ಮತ್ತೆ ಪಾಸ್‌ವರ್ಡ್ ಕೇಳಬೇಕು’ ಅನ್ನೋದಕ್ಕೆ ಆಯ್ಕೆಗಳಿವೆ: ಪ್ರತಿ ಸಲ, 1 ನಿಮಿಷ, 3, 5, 15, ಅಥವಾ ಎಂದೂ ಇಲ್ಲ. ಯಾರೋ ಯಾವಾಗಲೋ 15 ನಿಮಿಷಕ್ಕೆ ಇಟ್ಟಿದ್ದರೆ ನೀವು ಮುಚ್ಚಿ ಟೀ ಕುಡಿಯಲು ಹೋದ ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಇದು ದೋಷವಲ್ಲ, ಸೆಟ್ಟಿಂಗ್. ಬಹಳಷ್ಟು ‘ಹ್ಯಾಕ್ ಆಯ್ತು’ ಕಥೆಗಳ ಹಿಂದೆ ಇರೋದು ಇಂಥ ಸೆಟ್ಟಿಂಗೇ ಅಂತ ನನ್ನ ಗುಮಾನಿ.

ಮಕ್ಕಳು ಕೀಬೋರ್ಡ್ ಕುಟ್ಟಿದಾಗ

ಬೀಗ ಬಿದ್ದ ಮೇಲೂ ಅದು ನಿಲ್ಲುತ್ತಾ? 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಬಳಸುವ ಒಬ್ಬರು ವಿಚಿತ್ರ ದೂರು ದಾಖಲಿಸಿದರು. ಅವರ ಮಕ್ಕಳು ಅಪ್ಪನ ಕಂಪ್ಯೂಟರ್ ‘ಹ್ಯಾಕ್’ ಮಾಡುವ ಆಟ ಆಡುತ್ತಾ ಲಾಕ್ ಆಗಿದ್ದ ಪರದೆಯ ಮೇಲೆ, ಕೀಬೋರ್ಡಿನಲ್ಲೂ ಪರದೆಯ ಮೇಲಿನ ಕೀಬೋರ್ಡಿನಲ್ಲೂ, ಸಿಕ್ಕಸಿಕ್ಕ ಕೀ ಒತ್ತಿದ್ದರು. ಲಾಕ್ ಪ್ರೋಗ್ರಾಂ ಸತ್ತೇ ಹೋಯಿತು. ಡೆಸ್ಕ್‌ಟಾಪ್ ತೆರೆದುಕೊಂಡಿತು. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಗೆರೆ ಎಳೆದ ‘ಇ’ ಅಕ್ಷರ ಒತ್ತಿದರೆ ಸಾಕು ಅಂತ ಆಮೇಲೆ ಗೊತ್ತಾಯಿತು.

ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮೀ ಜವಿನ್‌ಸ್ಕಿ ಈ ಅಪಾಯವನ್ನು 2004ರಲ್ಲೇ ಬರೆದು ಎಚ್ಚರಿಸಿದ್ದರು. ಅವರ ವಾದ ಸರಳ. ಲಿನಕ್ಸಿನ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಲಾಕ್ ಸ್ಕ್ರೀನ್ ಅನ್ನೋದು ಬೇರೆಲ್ಲ ಕಿಟಕಿಗಳ ಹಾಗೆ ಇನ್ನೊಂದು ಕಿಟಕಿ. ಅದು ಕ್ರ್ಯಾಶ್ ಆದರೆ ಹಿಂದಿನದ್ದು ಕಾಣುತ್ತೆ. ಹಾಗಾಗಿ ಲಾಕ್ ಪ್ರೋಗ್ರಾಂ ಚಿಕ್ಕದಾಗಿರಬೇಕು, ಅಂದಚಂದದ ಬಟನ್ನು, ಅನಿಮೇಷನ್ನುಗಳಿಗಾಗಿ ದೊಡ್ಡ ದೊಡ್ಡ ಲೈಬ್ರರಿಗಳನ್ನು ಅದಕ್ಕೆ ಕಟ್ಟಬಾರದು. ಚಂದ ಕಾಣಬೇಕು ಅನ್ನುವವರು ಗೆದ್ದರು, ಹದಿನೇಳು ವರ್ಷದ ನಂತರ ಮಕ್ಕಳು ಕೀಬೋರ್ಡ್ ಕುಟ್ಟಿದರು. 2012ರ ಜನವರಿಯಲ್ಲೂ ಎಕ್ಸ್ ಸರ್ವರಿನಲ್ಲಿ ಇನ್ನೊಂದು ತೂತು ಕಂಡಿತ್ತು: ಕಂಟ್ರೋಲ್, ಆಲ್ಟ್ ಜೊತೆಗೆ ಕೀಪ್ಯಾಡಿನ ನಕ್ಷತ್ರ ಒತ್ತಿದರೆ ಲಾಕ್ ಪ್ರೋಗ್ರಾಂ ಮುಚ್ಚಿಹೋಗುತ್ತಿತ್ತು. ಡೆವಲಪರುಗಳು ತಮ್ಮ ಅನುಕೂಲಕ್ಕೆ ಇಟ್ಟುಕೊಂಡಿದ್ದ ಶಾರ್ಟ್‌ಕಟ್ ಅದು.

ಹೊಸ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಈ ತರ್ಕವನ್ನೇ ತಿರುಗಿಸಿದ್ದಾರೆ. ಬೀಗದ ಹೊಣೆ ಪರದೆಯನ್ನು ಬಿಡಿಸುವ ಮೂಲ ಪ್ರೋಗ್ರಾಂನದ್ದು. ಲಾಕ್ ಕಿಟಕಿ ಸತ್ತರೂ ಅದು ಬೇರೇನನ್ನೂ ತೋರಿಸಬಾರದು ಅನ್ನೋದು ನಿಯಮ. ಕೆಡಿಇಯಲ್ಲಿ ಹೀಗಾದರೆ ‘ಲಾಕರ್ ಕೆಟ್ಟಿದೆ, ತೆರೆಯಲು ಹೀಗೆ ಮಾಡಿ’ ಅನ್ನುವ ಸೂಚನೆ ಬರುತ್ತೆ. ನೋಡಿದರೆ ಕಿರಿಕಿರಿ, ಆದರೆ ಸರಿಯಾದ ಕಿರಿಕಿರಿ. ಕೆಟ್ಟಾಗ ಬಾಗಿಲು ತೆರೆದುಕೊಳ್ಳೋದಕ್ಕಿಂತ ಮುಚ್ಚಿಕೊಳ್ಳೋದು ಮೇಲು.

ಇದು ಲಿನಕ್ಸಿನ ಪಾಡು ಮಾತ್ರ ಅಂದುಕೊಳ್ಳಬೇಡಿ. 2019ರ ಜೂನ್‌ನಲ್ಲಿ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಂದು ವರ್ತನೆ ಬಯಲಾಯಿತು: ದೂರದ ಕಂಪ್ಯೂಟರಿಗೆ ಬೀಗ ಹಾಕಿ ಎದ್ದು ಹೋದ ಮೇಲೆ ನೆಟ್‌ವರ್ಕ್ ಒಮ್ಮೆ ಕಡಿದು ಮತ್ತೆ ಕೂಡಿದರೆ, ಪರದೆ ಬೀಗವಿಲ್ಲದೆ ವಾಪಸ್ ಬರುತ್ತಿತ್ತು. ಮೈಕ್ರೋಸಾಫ್ಟ್ ಇದು ವಿನ್ಯಾಸದ ಪ್ರಕಾರವೇ ಇದೆ ಎಂದಿತು. ಫೋನಿನಲ್ಲೂ ಇದೆ. ಡೇವಿಡ್ ಶುಟ್ಜ್ ಅನ್ನುವ ಸಂಶೋಧಕ ಗೂಗಲ್ ಪಿಕ್ಸೆಲ್ ಫೋನಿನಲ್ಲಿ, ತನ್ನದೇ ಸಿಮ್ ಹಾಕಿ, ಮೂರು ಸಲ ತಪ್ಪು ಪಿನ್ ಒತ್ತಿ, ಪಿಯುಕೆ ಕೋಡ್ ಕೊಟ್ಟರೆ ಫೋನಿನ ಲಾಕೇ ಮಾಯವಾಗೋದನ್ನು ಕಂಡುಹಿಡಿದರು. 2022ರ ನವೆಂಬರ್‌ನಲ್ಲಿ ಗೂಗಲ್ ಸರಿಪಡಿಸಿ 70,000 ಡಾಲರ್ ಬಹುಮಾನ ಕೊಟ್ಟಿತು. ಅಲ್ಲೂ ಕಾರಣ ಅದೇ, ಎರಡು ಪ್ರೋಗ್ರಾಂಗಳ ನಡುವೆ ಯಾರು ಮೊದಲು ಅನ್ನುವ ಗೊಂದಲ.

ಕೀಲಿಗೇ ಕೈ ಹಾಕುವವರು

ಪರದೆಯ ಗೊಡವೆಯೇ ಬೇಡ ಅಂತ ನೇರ ರ‍್ಯಾಮ್‌ಗೆ ಹೋಗುವ ದಾರಿಗಳೂ ಇವೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಕರೆಂಟು ಕಿತ್ತ ಮೇಲೂ ರ‍್ಯಾಮ್‌ನ ನೆನಪು ಕೆಲವು ಸೆಕೆಂಡುಗಳಷ್ಟಾದರೂ ಉಳಿಯುತ್ತೆ, ತಂಪು ಮಾಡಿದರೆ ನಿಮಿಷಗಟ್ಟಲೆ ಉಳಿಯುತ್ತೆ ಅಂತ ತೋರಿಸಿದರು. ನಿದ್ದೆಯಲ್ಲಿದ್ದ ಲ್ಯಾಪ್‌ಟಾಪಿನ ರ‍್ಯಾಮ್‌ಗೆ ತಣ್ಣನೆ ಗಾಳಿ ಊದಿ, ಬೇರೆ ಸಿಸ್ಟಮ್ ಬೂಟ್ ಮಾಡಿ, ಎನ್‌ಕ್ರಿಪ್ಷನ್ ಕೀಲಿಯನ್ನು ಅದರಿಂದ ಹೆಕ್ಕಿದರು. ಇದಕ್ಕೆ ಕೋಲ್ಡ್ ಬೂಟ್ ದಾಳಿ ಅಂತ ಹೆಸರು. ತಯಾರಕರು ತಡೆಗಳನ್ನು ತಂದರು. ಹತ್ತು ವರ್ಷದ ನಂತರ, 2018ರಲ್ಲಿ, ಫಿನ್ಲೆಂಡಿನ ಎಫ್-ಸೆಕ್ಯೂರ್ ಸಂಸ್ಥೆಯವರು ಅವನ್ನೂ ದಾಟಿ ತೋರಿಸಿದರು. 2016ರಲ್ಲಿ ಉಲ್ಫ್ ಫ್ರಿಸ್ಕ್ ಸುಮಾರು 300 ಡಾಲರಿನ ಸಾಧನವನ್ನು ಮಲಗಿದ್ದ ಮ್ಯಾಕಿನ ಥಂಡರ್‌ಬೋಲ್ಟ್ ಪೋರ್ಟಿಗೆ ಚುಚ್ಚಿ ಅರ್ಧ ನಿಮಿಷದಲ್ಲಿ ಪಾಸ್‌ವರ್ಡ್ ತೆಗೆದರು. ಆಪಲ್ ಅದೇ ಡಿಸೆಂಬರ್‌ನಲ್ಲಿ ಮುಚ್ಚಿತು. 2020ರಲ್ಲಿ ನೆದರ್‌ಲೆಂಡಿನ ಬ್ಯೋರ್ನ್ ರಾಯ್ಟೆನ್‌ಬರ್ಗ್, ಥಂಡರ್‌ಬೋಲ್ಟ್ ಇರುವ ಮಷಿನ್ ಲಾಕ್ ಆಗಿದ್ದರೂ ನಿದ್ದೆಯಲ್ಲಿದ್ದರೂ ಅದರ ಜೊತೆ ಐದು ನಿಮಿಷ ಒಬ್ಬನೇ ಸಿಕ್ಕರೆ ಸಾಕು ಅಂತ ತೋರಿಸಿದರು.

ಇವೆಲ್ಲ ಬೀದಿ ಕಳ್ಳರ ಕೆಲಸವಲ್ಲ. ನಮ್ಮ ಲ್ಯಾಪ್‌ಟಾಪ್ ಕದ್ದವನು ಮೊದಲು ಮಾಡೋದು ಫಾರ್ಮ್ಯಾಟ್. ಆದರೆ ಹಣ, ತಜ್ಞರು, ಸಮಯ ಮೂರೂ ಇರುವವರಿಗೆ ಇವು ದಾರಿಗಳು, ಮತ್ತೆ ಅವರಿಗೂ ಬೇಕಾಗಿರೋದು ಎಚ್ಚರವಿರುವ ಅಥವಾ ಮಲಗಿರುವ ಮಷಿನ್ನೇ, ಆಫ್ ಆದದ್ದಲ್ಲ. 2013ರ ಅಕ್ಟೋಬರ್ 1ರಂದು ಸಿಲ್ಕ್ ರೋಡ್ ಜಾಲತಾಣದ ರಾಸ್ ಉಲ್ಬ್ರಿಕ್ಟ್‌ನನ್ನು ಎಫ್‌ಬಿಐ ಹಿಡಿದದ್ದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ. ಇಬ್ಬರು ಏಜೆಂಟರು ಹಿಂದೆ ಜಗಳದ ನಾಟಕವಾಡಿದರು, ಆತ ತಿರುಗಿ ನೋಡಿದ, ಲ್ಯಾಪ್‌ಟಾಪ್ ತೆರೆದಿದ್ದ ಹಾಗೆಯೇ ಎಳೆದುಕೊಂಡರು. ಮುಚ್ಚಲು ಬಿಟ್ಟಿದ್ದರೆ ಎನ್‌ಕ್ರಿಪ್ಷನ್ ಜೊತೆ ಗುದ್ದಾಡಬೇಕು ಅಂತ ಅವರಿಗೆ ಗೊತ್ತಿತ್ತು.

ಕಾನೂನು ಎಲ್ಲಿ ನಿಂತಿದೆ

ಖನ್ನಾ ತೀರ್ಪಿಗೆ ವಾಪಸ್ ಬರೋಣ. ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಡೋದು ಸಂವಿಧಾನದ 20(3)ನೇ ವಿಧಿ ತಡೆಯುವ ಸ್ವಯಂ ಸಾಕ್ಷ್ಯ ಆಗೋದಿಲ್ಲ ಅಂತ ಹೈಕೋರ್ಟ್ ಹೇಳಿತು. ತನಿಖಾಧಿಕಾರಿ ಕೇಳಬಹುದು, ಆರೋಪಿ ಕೊಡದಿದ್ದರೆ ಸರ್ಚ್ ವಾರಂಟ್‌ಗಾಗಿ ಕೋರ್ಟಿಗೆ ಹೋಗಬಹುದು. ಜೊತೆಗೆ ಇನ್ನೊಂದು ಮಾತೂ ಇದೆ: ಸಾಧನದಲ್ಲಿ ಸಿಕ್ಕ ಮಾಹಿತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಟಿವಿ ಚಾನೆಲ್ಲುಗಳಿಗೆ ವಾಟ್ಸಾಪ್ ಚಾಟ್ ಸೋರಿಕೆಯಾಗುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಪಾಸ್‌ವರ್ಡ್ ವಿಚಾರದಲ್ಲಿ ಬೇರೆ ದಾರಿ ಹಿಡಿಯಿತು, ಆರೋಪಿಯನ್ನು ಅದಕ್ಕೆ ಒತ್ತಾಯಿಸುವಂತಿಲ್ಲ ಎಂದಿತು. ಅದು ವಿಚಾರಣಾ ನ್ಯಾಯಾಲಯ; ಕರ್ನಾಟಕದಲ್ಲಿ ನಡೆಯೋದು ನಮ್ಮ ಹೈಕೋರ್ಟಿನ ಮಾತು.

2023ರ ಅಕ್ಟೋಬರ್ 3ರಂದು ನ್ಯೂಸ್‌ಕ್ಲಿಕ್ ಪತ್ರಕರ್ತರ ಮನೆಗಳ ಮೇಲೆ ದೆಹಲಿ ಪೊಲೀಸರ ದಾಳಿಯಾಗಿ ಲ್ಯಾಪ್‌ಟಾಪು, ಫೋನುಗಳನ್ನು ಒಯ್ದ ಮೇಲೆ ವಿಷಯ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಬಿಸಿಯಾಯಿತು. ಮಾಧ್ಯಮದವರ ಸಾಧನಗಳ ಜಪ್ತಿಗೆ ಮಾರ್ಗಸೂಚಿ ಬೇಕು ಅಂತ ಕೋರ್ಟ್ ಹೇಳಿತು. ಅಲ್ಲಿಯವರೆಗೆ ಸಿಬಿಐನ 2020ರ ಕೈಪಿಡಿಯನ್ನು ಕೇಂದ್ರ ಸಂಸ್ಥೆಗಳು ಪಾಲಿಸುತ್ತವೆ ಅಂತ ಸರ್ಕಾರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊ ಚಿತ್ರೀಕರಣ ಮಾಡಬೇಕು. ಇದನ್ನು ಕೇಳುವ ಹಕ್ಕು ನಿಮಗಿದೆ.

ಒಂದು ಗೆರೆ ಸ್ಪಷ್ಟವಾಗಿರಲಿ. ದಿನವೂ ಲ್ಯಾಪ್‌ಟಾಪ್ ಎನ್‌ಕ್ರಿಪ್ಟ್ ಮಾಡಿಟ್ಟು, ಕೆಲಸ ಮುಗಿದ ಮೇಲೆ ಶಟ್ ಡೌನ್ ಮಾಡೋದು ಯಾರ ಅಪ್ಪಣೆಯೂ ಬೇಕಿಲ್ಲದ ಅಭ್ಯಾಸ. ನೋಟಿಸ್ ಬಂದ ಮೇಲೆ ಫೈಲ್ ಅಳಿಸಲು ಕೂರೋದು ಸಾಕ್ಷ್ಯ ನಾಶ, ಅದು ಅಪರಾಧ.

ಎಲ್ಲರ ಕಂಪ್ಯೂಟರು, ಯಾರದ್ದೂ ಅಲ್ಲದ ಬೀಗ

ಪೊಲೀಸ್, ಫೊರೆನ್ಸಿಕ್ ಎಲ್ಲ ಇರಲಿ. ನಮ್ಮಲ್ಲಿ ಹೆಚ್ಚಿನವರ ಮಾಹಿತಿ ಹೊರಹೋಗೋದು ಸೈಬರ್ ಸೆಂಟರು, ಡಿಟಿಪಿ ಅಂಗಡಿ, ಗ್ರಾಮ ಒನ್ ಕೇಂದ್ರ, ಸಂಘಟನೆಯ ಕಚೇರಿಯ ಒಂದೇ ಡೆಸ್ಕ್‌ಟಾಪಿನಿಂದ. ಅಲ್ಲಿ ಸ್ಕ್ರೀನ್ ಲಾಕ್ ಇರೋದೇ ಇಲ್ಲ. ಇದ್ದರೂ ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿರುತ್ತಾರೆ. ಆಧಾರ್ ಸ್ಕ್ಯಾನು, ಜಾತಿ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು ಡೆಸ್ಕ್‌ಟಾಪ್ ತುಂಬ ಹರಡಿರುತ್ತವೆ. ಅಲ್ಲಿ ಕೂತವರನ್ನು ಬೈದು ಪ್ರಯೋಜನವಿಲ್ಲ. ಕ್ಯೂ ನಿಂತಿರುವಾಗ ನಿಮಿಷಕ್ಕೊಮ್ಮೆ ಪಾಸ್‌ವರ್ಡ್ ಒತ್ತಿ ಅಂದ್ರೆ ಯಾರೂ ಒತ್ತಲ್ಲ.

ಕರ್ನಾಟಕ ಸರ್ಕಾರ ಇಂಥದ್ದೇ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದ ಹಿಂದೆಯೇ ಎದುರಿಸಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕಚೇರಿಗಳಲ್ಲಿ ಕೊಡಲು ಶುರು ಮಾಡಿದಾಗ, ಸಿಬ್ಬಂದಿಯ ಲಾಗಿನ್‌ಗೆ ಬೆರಳಚ್ಚು ತಂದರು. ಪಾಸ್‌ವರ್ಡ್ ಆದರೆ ಸಾಲ ಕೊಡಬಹುದು, ಬೆರಳು ಕೊಡಲಾಗಲ್ಲ. ಯಾವ ಖಾತೆ ಬದಲಾವಣೆ ಯಾರ ಕೈಯಿಂದ ಆಯಿತು ಅನ್ನೋದಕ್ಕೆ ದಾಖಲೆ ಉಳಿಯಬೇಕಿತ್ತು. ಜಮೀನಿನ ವಿಚಾರ ಆದ್ದರಿಂದ ಆ ಎಚ್ಚರ ಬಂತು. ಆದರೆ ಲಾಗಿನ್ ಎಷ್ಟೇ ಗಟ್ಟಿಯಿದ್ದರೂ ಲಾಗಿನ್ ಆದ ಮೇಲೆ ಎದ್ದು ಹೋದರೆ ಆ ಕುರ್ಚಿಯಲ್ಲಿ ಕೂತವರು ನಿಮ್ಮ ಹೆಸರಿನಲ್ಲಿ ಕೆಲಸ ಮಾಡಬಹುದು. ಲಾಗಿನ್ನೂ ಲಾಕೂ ಒಂದೇ ಕೆಲಸದ ಎರಡು ತುದಿ. ನಾವು ಮೊದಲನೆಯದಕ್ಕೆ ಯಂತ್ರ ತಂದೆವು, ಎರಡನೆಯದನ್ನು ಮನುಷ್ಯನ ನೆನಪಿಗೆ ಬಿಟ್ಟೆವು.

ಸಂಘಟನೆಯ ಕಚೇರಿಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಕನಿಷ್ಠ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿ. ಬೇರೆಯವರ ಮಷಿನ್‌ನಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಎದ್ದು ಹೋಗುವ ಮುಂಚೆ ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಹೋಗಿ ಕಿತ್ತುಹಾಕಿ. ಬ್ರೌಸರ್ ಮುಚ್ಚಿದರೆ ಸಾಲದು.

ಮಾಡಬಹುದಾದದ್ದು

ಮೊದಲನೆಯದು ಎಲ್ಲಕ್ಕಿಂತ ಸುಲಭ: ಮುಚ್ಚುವ ಮುಂಚೆ ಬೀಗ ಹಾಕಿ. ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಲಾಕ್ ಸ್ಕ್ರೀನ್ ಕಣ್ಣಿಗೆ ಕಂಡ ಮೇಲೆ ಮುಚ್ಚಿ. ಲಿನಕ್ಸಿನಲ್ಲೂ ಬಹಳಷ್ಟು ಕಡೆ ಇದೇ ಕೀ. ಮ್ಯಾಕಿನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ. ಬೀಗ ಮೊದಲೋ ನಿದ್ದೆ ಮೊದಲೋ ಅನ್ನುವ ಗೊಂದಲವೇ ಇರಲ್ಲ.

ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಒಳಗೆ ಸೈನ್ ಇನ್ ಆಪ್ಷನ್ಸ್‌ಗೆ ಹೋಗಿ ಎದ್ದಾಗೆಲ್ಲ ಪಾಸ್‌ವರ್ಡ್ ಕೇಳುವಂತೆ ಮಾಡಿ. ಅಲ್ಲೇ ಇರುವಾಗ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಲಾಕ್ ಸ್ಕ್ರೀನಿನ ಮೇಲೆ ಸಂದೇಶ ತೋರಿಸೋದನ್ನು ನಿಲ್ಲಿಸಿ. ಪರದೆಗೆ ಬೀಗ ಬಿದ್ದಿದೆ, ಆದರೆ ‘ನಾಳೆ ಡಿಸಿ ಆಫೀಸ್ ಮುಂದೆ 10ಕ್ಕೆ’ ಅಂತ ಮೆಸೇಜು ಅದರ ಮೇಲೇ ತೇಲಿಬಂದರೆ ಏನು ಬಂತು. ಪ್ರೊಜೆಕ್ಟರಿಗೆ ಜೋಡಿಸಿರುವಾಗಂತೂ ಇದು ಸಭೆಯ ಎದುರೇ ಆಗುತ್ತೆ.

ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಹೊಸ ವಿಂಡೋಸ್ 11 ಮಷಿನ್ನುಗಳಲ್ಲಿ ಬಹಳಷ್ಟು ಸಲ ತಾನಾಗೇ ಆಗಿರುತ್ತೆ, ಹಳೆಯದರಲ್ಲಿ ಇರಲ್ಲ. ತಾನಾಗೇ ಆದಾಗ ರಿಕವರಿ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿರುತ್ತೆ. ಅಂದ್ರೆ ಒಂದು ನಕಲು ಕಂಪನಿಯ ಹತ್ತಿರವೂ ಇದೆ. ಇದು ನಿಮಗೆ ಸರಿಯೋ ಅಲ್ಲವೋ ನೀವೇ ಯೋಚಿಸಿ. ಬೇಡ ಅಂದ್ರೆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟ ನಂತರವೇ ಮುಂದಿನ ಹೆಜ್ಜೆ. ಕೀಲಿ ಕಳೆದುಕೊಂಡು ಮೂರು ವರ್ಷದ ಕೆಲಸ ಹೋಗೋದು ಯಾವ ಪೊಲೀಸ್ ದಾಳಿಗಿಂತಲೂ ಹೆಚ್ಚು ಸಂಭವನೀಯ.

ಪ್ರಯಾಣ, ಪ್ರತಿಭಟನೆ, ರಾತ್ರಿ ಮಲಗುವ ಹೊತ್ತು, ರಿಪೇರಿ ಅಂಗಡಿ ಈ ನಾಲ್ಕು ಕಡೆ ಸ್ಲೀಪ್ ಬೇಡ. ಶಟ್ ಡೌನ್ ಮಾಡಿ, ಇಲ್ಲವೇ ಎನ್‌ಕ್ರಿಪ್ಟ್ ಆಗಿರುವ ಮಷಿನ್‌ನಲ್ಲಿ ಹೈಬರ್ನೇಟ್ ಮಾಡಿ. ಹೆಚ್ಚಿನ ಅಪಾಯವಿರುವವರಿಗೆ ಮೈಕ್ರೋಸಾಫ್ಟ್ ಕೂಡ ಹೇಳೋದು ಇದನ್ನೇ: ಸ್ಟ್ಯಾಂಡ್‌ಬೈ ನಿಲ್ಲಿಸಿ, ಬೂಟ್ ಆಗುವ ಮುಂಚೆ ಪಿನ್ ಕೇಳುವಂತೆ ಬಿಟ್‌ಲಾಕರ್ ಇಡಿ. ಈ ಪಿನ್ ಸೌಲಭ್ಯ ವಿಂಡೋಸ್ ಹೋಮ್‌ನಲ್ಲಿಲ್ಲ, ಪ್ರೊ ಬೇಕು. ಕಡಿಮೆ ದುಡ್ಡಿನ ಲ್ಯಾಪ್‌ಟಾಪ್ ಕೊಂಡವರಿಗೆ ಕಡಿಮೆ ಖಾಸಗಿತನ ಅನ್ನುವ ಈ ಲೆಕ್ಕದ ಬಗ್ಗೆ ಬೇರೆಯೇ ಲೇಖನ ಬರೀಬೇಕು. ಲಿನಕ್ಸ್ ಹಾಕಿಕೊಳ್ಳಲು ಸಿದ್ಧರಿದ್ದರೆ ಇನ್‌ಸ್ಟಾಲ್ ಮಾಡುವಾಗಲೇ ಒಂದು ಟಿಕ್ ಹಾಕಿ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಬಹುದು, ದುಡ್ಡಿಲ್ಲದೆ.

ರಿಪೇರಿಗೆ ಕೊಡುವಾಗ ಅಂಗಡಿಯವರು ಪಾಸ್‌ವರ್ಡ್ ಕೇಳಿ ಚೀಟಿ ಬರೆದು ಲ್ಯಾಪ್‌ಟಾಪಿನ ಮೇಲೇ ಟೇಪ್ ಹಚ್ಚಿಡೋದು ಎಲ್ಲೆಡೆ ಇರುವ ರೂಢಿ. ಕೀಬೋರ್ಡು, ಹಿಂಜು, ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ. ಪರೀಕ್ಷೆಗೆ ಬೇಕೇ ಬೇಕು ಅಂದ್ರೆ ಅಧಿಕಾರವಿಲ್ಲದ ಇನ್ನೊಂದು ಯೂಸರ್ ಅಕೌಂಟ್ ಮಾಡಿಕೊಡಿ, ವಾಪಸ್ ಬಂದ ಮೇಲೆ ಅಳಿಸಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಸಿಸ್ಟಮ್‌ನ ಕನ್ನಡ ಕೀಬೋರ್ಡ್ ಆನ್ ಇರುವಾಗಲೇ ಲಾಕ್ ಮಾಡಿದರೆ, ಎಬ್ಬಿಸಿದಾಗಲೂ ಲಾಕ್ ಸ್ಕ್ರೀನಿನಲ್ಲಿ ಅದೇ ಇರಬಹುದು. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣೋದರಿಂದ ನೀವು ಒತ್ತುತ್ತಿರೋದು ಕನ್ನಡವೋ ಇಂಗ್ಲಿಷೋ ಗೊತ್ತಾಗಲ್ಲ. ಸರಿಯಾದ ಪಾಸ್‌ವರ್ಡೇ ‘ತಪ್ಪು’ ಅಂತ ಬರುತ್ತೆ. ಇದಕ್ಕೆ ಬೇಸತ್ತು ಪಾಸ್‌ವರ್ಡನ್ನೇ ತೆಗೆದುಹಾಕಿದವರಿದ್ದಾರೆ. ಹಾಗೆ ಮಾಡಬೇಡಿ. ವಿಂಡೋಸಿನ ಲಾಕ್ ಸ್ಕ್ರೀನಿನ ಮೂಲೆಯಲ್ಲಿ ಭಾಷೆಯ ಮೂರಕ್ಷರದ ಗುರುತು ಇರುತ್ತೆ, ಅದನ್ನು ಒತ್ತಿ ಇಂಗ್ಲಿಷಿಗೆ ಬದಲಿಸಿ ಮತ್ತೆ ಟೈಪ್ ಮಾಡಿ.